ಗ್ರೂಪಲ್ಲಿ ಕೇಳ್ಲಿಕ್ಕೆ ನಾಚಿಕೆ ಆಗ್ತದೆ ಅಕ್ಕ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲೇಜು ಮಕ್ಕಳದ್ದೇ, ಅದ್ರಲ್ಲೂ ಕ್ಲಾಸ್ ಗ್ರೂಪಿನ ವಿಷಯವೇ. ಹೊಸ ಅಡ್ಮಿಶನ್ ಆಗಿ ಸ್ವಲ್ಪ ದಿನ ಆಯ್ತಲ್ಲ, ಅದಕ್ಕಿರ್ಬೇಕು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತಗೊಂಡಿದ್ದೇನೆ. ಯಾರ ಹೆಸರೂ ಹಾಕ್ಲಿಲ್ಲ, ಊರು ಮಾತ್ರ.

ಕಾಸರಗೋಡಿನ ಪೆರ್ಲದ ಕಡೆಯಿಂದ ಬಿ.ಕಾಂ. ಫಸ್ಟ್ ಇಯರ್ ವಿದ್ಯಾರ್ಥಿನಿ

ಅಕ್ಕ, ನಾನು ಹತ್ತನೇವರೆಗೆ ಕನ್ನಡ ಮೀಡಿಯಂ, ಮನೆಯಲ್ಲಿ ತುಳು. ಮಲಯಾಳ ಕೇಳಿದ್ರೆ ಅಲ್ಪಸ್ವಲ್ಪ ಅರ್ಥ ಆಗ್ತದೆ, ಓದ್ಲಿಕ್ಕೆ ಬರುದಿಲ್ಲ. ನಮ್ಮ ಕ್ಲಾಸ್ ಗ್ರೂಪಲ್ಲಿ 58 ಜನ ಇದ್ದಾರೆ, ನೋಟಿಸನ್ನು ಫೋಟೋ ತೆಗ್ದು ಹಾಕ್ತಾರೆ, ಜಾಸ್ತಿ ಎಲ್ಲ ಮಲಯಾಳದಲ್ಲೇ. ಒಂದು ಗಂಟೆಯೊಳಗೆ ಅದು ನೂರು ಮೆಸೇಜಿನ ಅಡಿಗೆ ಹೋಗ್ತದೆ. ಇದೆಂತ ಅಂತ ಕೇಳ್ಲಿಕ್ಕೆ ಟೈಪ್ ಮಾಡ್ತೇನೆ, ಮತ್ತೆ ಡಿಲೀಟ್ ಮಾಡ್ತೇನೆ. ಎಲ್ರೂ ನೋಡ್ತಾರಲ್ಲ ಅಂತ ನಾಚಿಕೆ. ಮೊನ್ನೆ ಸ್ಕಾಲರ್‌ಶಿಪ್ಪಿನ ಪೇಪರ್ ಕೊಡುವ ಡೇಟ್ ಹೋಗಿಯೇ ಹೋಯ್ತು. ಅಮ್ಮನತ್ರ ಇನ್ನೂ ಹೇಳ್ಲಿಲ್ಲ.

ಉತ್ತರ: ಮೊದ್ಲು ಸ್ಕಾಲರ್‌ಶಿಪ್ಪಿನದ್ದು ನೋಡುವ, ಅದು ಕಾಯುದಿಲ್ಲ. ನಾಳೆಯೇ ಆಫೀಸಿಗೆ ಹೋಗಿ ಆ ಸೆಕ್ಷನಲ್ಲಿ ಕೇಳು. ನಿಂದು ಇ-ಗ್ರ್ಯಾಂಟ್ಸ್ (ಕೇರಳ ಸರ್ಕಾರದ ಸ್ಕಾಲರ್‌ಶಿಪ್) ಆದ್ರೆ ಅದು ಕಾಲೇಜಿಂದ ಆನ್‌ಲೈನಲ್ಲಿ ಮುಂದೆ ಹೋಗ್ಬೇಕಾದದ್ದು, ಕಾಲೇಜಿನವರು ತಮ್ಮ ಅನುಕೂಲಕ್ಕೆ ಇಟ್ಟ ಡೇಟ್ ಬೇರೆ ಇರ್ಬಹುದು ಪೋರ್ಟಲಿನ ಡೇಟ್ ಬೇರೆ ಇರ್ಬಹುದು, ಪೋರ್ಟಲ್ ಇನ್ನೂ ಓಪನ್ ಇದ್ರೆ ಕೇಳಿ ನೋಡಿದ್ರೆ ತಗೊಂಡಾರು. ಒಬ್ಬಳೇ ಹೋಗ್ಬೇಡ, ಮಲಯಾಳ ಮಾತಾಡುವ ಫ್ರೆಂಡ್ ಯಾರನ್ನಾದ್ರೂ ಕರ್ಕೊಂಡು ಹೋಗು. ಅಮ್ಮನತ್ರ ಇವತ್ತೇ ಹೇಳು, ಡೇಟ್ ಹೋದದ್ದು ಗೊತ್ತಾದ್ರೆ ಅವ್ರಿಗೆ ಬೇಜಾರಾಗ್ತದೆ, ನೀನು ಇಷ್ಟು ದಿನ ಒಬ್ಬಳೇ ನುಂಗಿಕೊಂಡು ಕೂತದ್ದು ಗೊತ್ತಾದ್ರೆ ಇನ್ನೂ ಜಾಸ್ತಿ ಬೇಜಾರಾಗ್ತದೆ.

ಇನ್ನು ಗ್ರೂಪಿನ ವಿಷಯ. ನಿನ್ನ ಪತ್ರ ಓದಿ ನಂಗೆ ನನ್ನ ಫಸ್ಟ್ ಇಯರ್ ನೆನಪಾಯ್ತು. ಆಗ ಫೋನ್ ಎಲ್ಲಿತ್ತು, ಎಲ್ಲ ನೋಟಿಸ್ ಬೋರ್ಡಲ್ಲೇ, ಅದೂ ಮಲಯಾಳದಲ್ಲಿ ಕೈಬರಹ. ನನ್ನ ಬೆಂಚಲ್ಲಿ ಕೂರ್ತಿದ್ದವಳು ಬದಿಯಡ್ಕದ ಹತ್ರದವಳು, ಓದಿನಲ್ಲಿ ನನಗಿಂತ ಎಷ್ಟೋ ಮುಂದೆ. ಪರೀಕ್ಷೆ ಫೀಸಿನ ನೋಟಿಸನ್ನು ಅವಳು ದಿನಾ ದಾಟಿಕೊಂಡೇ ಹೋಗ್ತಿದ್ಳು, ಸ್ಪೋರ್ಟ್ಸ್ ಡೇದ್ದು ಅಂತ ತಿಳ್ಕೊಂಡು. ಫೈನ್ ಕಟ್ಟುವ ಡೇಟೂ ಮುಗಿದ ಮೇಲೆ ಗೊತ್ತಾಯ್ತು. ಆ ವರ್ಷ ಅವಳು ಪರೀಕ್ಷೆಗೆ ಕೂರ್ಲಿಕ್ಕೆ ಆಗ್ಲಿಲ್ಲ, ಮನೆಯವರು ಮತ್ತೆ ಕಳಿಸ್ಲಿಲ್ಲ. ಅವಳು ದಡ್ಡಿ ಆಗಿರ್ಲಿಲ್ಲ, ಯಾರೂ ಅವಳಿಗೆ ಮೋಸವೂ ಮಾಡಿರ್ಲಿಲ್ಲ. ಒಂದು ಹಾಳೆಯನ್ನು ಓದಿ ಹೇಳುವ ಜನ ಇರ್ಲಿಲ್ಲ ಅಷ್ಟೇ. ಅದಾದ ಮೇಲೆ ಥರ್ಡ್ ಇಯರಿನ ಒಬ್ರು ಅಕ್ಕ ದಿನಾ ಮಧ್ಯಾಹ್ನ ಊಟ ಆದ ಕೂಡ್ಲೇ ಬೋರ್ಡಿನ ಎದುರು ನಿಂತು ನಮ್ಗೆ ಕನ್ನಡದಲ್ಲಿ ಓದಿ ಹೇಳ್ಲಿಕ್ಕೆ ಸುರು ಮಾಡಿದ್ರು. ಐದು ನಿಮಿಷದ ಕೆಲಸ. ನಾನು ಡಿಗ್ರಿ ಮುಗಿಸಿದ್ದು ಆ ಐದು ನಿಮಿಷದಿಂದ ಅಂತ ನಾನು ಈಗ್ಲೂ ಹೇಳ್ತೇನೆ.

ಗ್ರೂಪ್ ಅಂದ್ರೆ ನನ್ನ ಲೆಕ್ಕದಲ್ಲಿ ಆ ಅಕ್ಕ ಬೋರ್ಡಿನ ಎದುರು ನಿಂತದ್ದೇ. ನಿನ್ನ ಕಿಸೆಯಲ್ಲಿ ಬೋರ್ಡ್ ಉಂಟು, ಓದಿ ಹೇಳುವವರೂ ಆ 58 ಜನರ ಒಳಗೇ ಇದ್ದಾರೆ, ನೀನು ಕೇಳದೆ ಅವ್ರಿಗೆ ಗೊತ್ತಾಗುದು ಹೇಗೆ.

ನಾಚಿಕೆ ಆಗುದು ತಪ್ಪಲ್ಲ. ಆದ್ರೆ ನಾನು ತುಂಬಾ ಮಕ್ಕಳತ್ರ ಮಾತಾಡಿ ನೋಡಿದ್ದೇನೆ, ಒಬ್ಬಳು ಕೇಳಿದ ಪ್ರಶ್ನೆ ಅದೇ ಹೊತ್ತಿಗೆ ಬೇರೆ ಏಳೆಂಟು ಜನರ ಬಾಯಿಯಲ್ಲೂ ಇರ್ತದೆ. ಮಲಯಾಳ ಮೀಡಿಯಮಿನವರಿಗೂ ಎಲ್ಲ ಗೊತ್ತುಂಟು ಅಂತ ತಿಳ್ಕೊಳ್ಬೇಡ. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತಲ್ಲ, ಮೇಜರ್ ಯಾವುದು ಮೈನರ್ ಯಾವುದು, 133 ಕ್ರೆಡಿಟ್ ಆದ್ರೆ ಮೂರು ವರ್ಷಕ್ಕೆ ಡಿಗ್ರಿ ತಗೊಂಡು ಹೊರಗೆ ಬರ್ಬಹುದು, 177 ಆದ್ರೆ ನಾಲ್ಕು ವರ್ಷದ ಆನರ್ಸ್, ಇದೆಲ್ಲ ಮನೆಯಲ್ಲಿ ಅಪ್ಪ ಅಮ್ಮ ಹೇಳಿಕೊಡುವ ವಿಷಯ ಅಲ್ಲ, ಅವರ ಕಾಲದಲ್ಲಿ ಇದು ಇರ್ಲೇ ಇಲ್ಲ. ಒಂದು ವರ್ಷ ಮುಂದೆ ಹೋದವರಿಗೆ ಮಾತ್ರ ಗೊತ್ತು, ಅವರು ಸಿಗುದು ಗ್ರೂಪಲ್ಲೇ. ಅಟೆಂಡೆನ್ಸ್ 75 ಪರ್ಸೆಂಟ್‌ಗಿಂತ ಕೆಳಗೆ ಹೋದ್ರೆ ಕಂಡೋನೇಶನ್‌ಗೆ ಅಂದ್ರೆ ಕಮ್ಮಿಯಾದ ಹಾಜರಿಯನ್ನು ಮನ್ನಿಸಿ ಅಂತ ಅರ್ಜಿ ಹಾಕ್ಲಿಕ್ಕೆ ಆಗ್ತದೆ ಅಂತ ಎಷ್ಟು ಮಕ್ಕಳಿಗೆ ಗೊತ್ತಿರ್ತದೆ ಹೇಳು, ಜ್ವರ ಬಂದು ಮೂರು ವಾರ ಮಲಗಿದವಳು ಕಾಲೇಜೇ ಬಿಡುದು ಅಂತ ಅಳ್ತಾ ಕೂತಿರ್ತಾಳೆ, ಒಬ್ಬ ಸೀನಿಯರಿನ ಒಂದು ಮೆಸೇಜಲ್ಲಿ ದಾರಿ ಕಾಣ್ತದೆ.

ಕೇಳುವ ಕ್ರಮ ಒಂದುಂಟು. "ಇದೆಂತ" ಅಂತ ಬರೀಬೇಡ, ಅದಕ್ಕೆ ಯಾರೂ ಉತ್ತರ ಕೊಡುದಿಲ್ಲ. ಆ ಫೋಟೋವನ್ನೇ ಒತ್ತಿ ಹಿಡಿದು ರಿಪ್ಲೈ ಕೊಟ್ಟು, "ನಂಗೆ ಮಲಯಾಳ ಓದ್ಲಿಕ್ಕೆ ಬರುದಿಲ್ಲ, ಇದ್ರಲ್ಲಿ ಲಾಸ್ಟ್ ಡೇಟ್ ಯಾವುದು, ಎಲ್ಲಿ ಕೊಡ್ಬೇಕು" ಅಂತ ಎರಡೇ ವಿಷಯ ಕೇಳು. ಟೈಪ್ ಮಾಡ್ಲಿಕ್ಕೆ ಕಷ್ಟ ಆದ್ರೆ ವಾಯ್ಸ್ ಹಾಕು. ಮಲಯಾಳ ಓದ್ಲಿಕ್ಕೆ ಬರುದಿಲ್ಲ ಅಂತ ಮೊದಲ ಸಲ ಹೇಳುವಾಗ ಮಾತ್ರ ಗಂಟಲು ಕಟ್ತದೆ, ಎರಡನೇ ಸಲಕ್ಕೆ ಕ್ಲಾಸಿನವರಿಗೇ ಅಭ್ಯಾಸ ಆಗಿ ನೋಟಿಸಿನ ಕೆಳಗೆ ಇಂಗ್ಲಿಷಲ್ಲಿ ಡೇಟ್ ಬರ್ದು ಹಾಕುವವರು ಒಬ್ರಾದ್ರೂ ಸಿಗ್ತಾರೆ. ಫೋನಲ್ಲಿ ಗೂಗಲ್ ಲೆನ್ಸ್ ಉಂಟಲ್ಲ, ಮಲಯಾಳ ಪ್ರಿಂಟನ್ನು ಕನ್ನಡಕ್ಕೆ ಮಾಡಿ ತೋರಿಸ್ತದೆ, ತಕ್ಷಣಕ್ಕೆ ಅದು ಸಾಕು. ಕೈಬರಹದಲ್ಲಿ ಅದು ಎಡವ್ತದೆ, ಹಾಗಾಗಿ ಡೇಟ್ ಮತ್ತು ಹಣದ ಲೆಕ್ಕ ಮನುಷ್ಯರತ್ರವೇ ಕೇಳಿ ಖಚಿತ ಮಾಡು.

ಇನ್ನೊಂದು ಕೆಲಸ ಮಾಡು. ನಿಮ್ಮ ಕಾಲೇಜಲ್ಲಿ ಪೆರ್ಲ, ಬದಿಯಡ್ಕ, ಕುಂಬ್ಳೆ, ಬಾಯಾರು ಕಡೆಯ ಮಕ್ಕಳು ಎಷ್ಟು ಇದ್ದಾರೆ ನೋಡು. ಹತ್ತು ಹನ್ನೆರಡು ಜನ ಸಿಕ್ಕಿದ್ರೆ ಒಂದು ಸಣ್ಣ ಕನ್ನಡ ಗ್ರೂಪ್ ಮಾಡಿ, ಸೆಕೆಂಡ್ ಇಯರ್ ಥರ್ಡ್ ಇಯರಿನ ಇಬ್ರಾದ್ರೂ ಇರ್ಲಿ. ಅದ್ರಲ್ಲಿ ಗುಡ್ ಮಾರ್ನಿಂಗ್ ಬೇಡ, ರೀಲ್ಸ್ ಬೇಡ, ನೋಟಿಸ್ ಓದಿ ಹೇಳ್ಲಿಕ್ಕೆ ಮಾತ್ರ. ಯಾವ ವಾರ ಯಾರು ಓದುದು ಅಂತ ಮಾಡಿಕೊಳ್ಳಿ, ಇಲ್ಲದಿದ್ರೆ ಪಾಪ ಒಬ್ಬಳ ತಲೆ ಮೇಲೆಯೇ ಬೀಳ್ತದೆ. ಮುಖ್ಯವಾದ ಡೇಟನ್ನು ಪಿನ್ ಮಾಡಿ. ಸ್ಪಾಟ್ ಅಡ್ಮಿಶನಲ್ಲಿ ತಡವಾಗಿ ಬಂದ ಮಕ್ಕಳಿಗೆ ಗ್ರೂಪಿನ ಹಳೆ ಮೆಸೇಜ್ ತನ್ನಷ್ಟಕ್ಕೆ ಕಾಣುದಿಲ್ಲ, ಎಲ್ಲ ಮುಗಿದ ಮೇಲೆ ಬಂದು ಕೂತ ಹಾಗೆ ಆಗ್ತದೆ ಅವ್ರಿಗೆ. ಹೊಸಬರು ಸೇರಿದ ಕೂಡ್ಲೇ ಅಲ್ಲಿವರೆಗಿನ ಡೇಟ್ ಎಲ್ಲ ಒಂದೇ ಮೆಸೇಜಲ್ಲಿ ಬರ್ದು ಮತ್ತೊಮ್ಮೆ ಹಾಕುವ ಜವಾಬ್ದಾರಿ ಯಾರಾದ್ರೂ ತಗೊಳ್ಳಿ.

ಮತ್ತೆ ಇದೂ ಗೊತ್ತಿರ್ಲಿ, ನೀನು ಯಾರತ್ರವೂ ಭಿಕ್ಷೆ ಬೇಡುದಲ್ಲ. 1956 ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯ್ತು, ಆದ್ರೆ ಭಾಷಾ ಅಲ್ಪಸಂಖ್ಯಾತರಾದ ಕನ್ನಡದವರು, ತಮಿಳಿನವರು ಸರ್ಕಾರದ ಜೊತೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡ್ಬಹುದು ಅಂತ ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಉಂಟು. ನಿಮ್ಮ ಸಣ್ಣ ಗ್ರೂಪಿನ ಹನ್ನೆರಡು ಜನ ಸೇರಿ, ಮುಖ್ಯ ನೋಟಿಸ್ ಆದ್ರೂ ಕನ್ನಡದಲ್ಲೂ ಹಾಕಿ ಅಂತ ಪ್ರಿನ್ಸಿಪಾಲರಿಗೆ ಮರ್ಯಾದೆಯಿಂದ ಒಂದು ಮನವಿ ಬರೀರಿ. ಒಬ್ಬಳು ಕೇಳುದಕ್ಕೂ ಹನ್ನೆರಡು ಜನ ಸಹಿ ಹಾಕಿ ಕೇಳುದಕ್ಕೂ ವ್ಯತ್ಯಾಸ ಉಂಟು.

ಅಕ್ಕಲಕೋಟದ ಕಡೆಯಿಂದ ಬಿ.ಎಸ್ಸಿ. ವಿದ್ಯಾರ್ಥಿ

ಅಕ್ಕಾರ, ನಾ ಸೊಲ್ಲಾಪುರದಾಗ ಓದಾಕತ್ತೀನ್ರಿ. ಕ್ಲಾಸಿನ ಗ್ರೂಪ್ ಪೂರಾ ಮರಾಠಿ. ನಾವು ಕನ್ನಡದ ಮಂದಿ ಆರು ಜನ ಬ್ಯಾರೆ ಗ್ರೂಪ್ ಮಾಡ್ಕೊಂಡೀವಿ. ಈಗ ಉಳಿದವ್ರು, ನಮ್ಮನ್ನ ಬಿಟ್ಟು ಅದ್ರಾಗ ಏನ್ ಮಾತಾಡ್ತೀರಿ ಅಂತ ಸಿಟ್ಟಾಗ್ಯಾರ. ಗ್ರೂಪ್ ತಗದ್ಬಿಡ್ಲೇನ್ರಿ?

ಉತ್ತರ: ತೆಗೀಬೇಡ ತಮ್ಮ. ಆರು ಜನ ತಮ್ಮ ಭಾಷೆಯಲ್ಲಿ ಕಷ್ಟಸುಖ ಮಾತಾಡಿಕೊಳ್ಳುದ್ರಲ್ಲಿ ತಪ್ಪೆಂತ ಉಂಟು. ಆದ್ರೆ ಅವ್ರ ಸಿಟ್ಟು ಯಾಕೆ ಅಂತಲೂ ಸ್ವಲ್ಪ ನೋಡು, ನೀವು ಆರು ಜನ ದೊಡ್ಡ ಗ್ರೂಪಲ್ಲಿ ಬಾಯಿ ಮುಚ್ಚಿ ಕೂತು ಎಲ್ಲ ಮಾತೂ ಸಣ್ಣ ಗ್ರೂಪಲ್ಲೇ ಆಡಿದ್ರೆ ಅವ್ರಿಗೆ ಹಾಗೆ ಅನಿಸುದು ಸಹಜ. ನಿಮ್ಮೊಳಗೆ ಯಾರಾದ್ರೂ ಒಂದು ಲೆಕ್ಕ ಬಿಡಿಸಿದ್ರೆ ಅದನ್ನು ದೊಡ್ಡ ಗ್ರೂಪಿಗೂ ಹಾಕಿ, ಪ್ರಾಕ್ಟಿಕಲಿನ ರೆಕಾರ್ಡ್ ಬರೆದದ್ದು ಇದ್ರೆ ಅದರ ಫೋಟೋ ಹಾಕಿ. ಮರಾಠಿಯಲ್ಲಿ ತಪ್ಪುತಪ್ಪಾಗಿ ಬರೆದ್ರೂ ಪರವಾಗಿಲ್ಲ. ಎರಡು ತಿಂಗಳು ಹಾಗೆ ಮಾಡಿ ನೋಡು, ಅವ್ರಾಗಿಯೇ ಕನ್ನಡ ನಾಲ್ಕು ಶಬ್ದ ಕೇಳಿ ಕಲೀಲಿಕ್ಕೆ ಸುರು ಮಾಡ್ತಾರೆ. ಸಪ್ತಭಾಷೆಯ ಊರು ಕಾಸರಗೋಡಿನವಳಾಗಿ ಹೇಳ್ತೇನೆ, ನಮ್ಮಲ್ಲಿ ತುಳು, ಕೊಂಕಣಿ, ಬ್ಯಾರಿ, ಹವ್ಯಕ, ಮರಾಠಿ, ಮಲಯಾಳ ಮಾತಾಡುವವರೆಲ್ಲ ಒಂದೇ ಬೆಂಚಲ್ಲಿ ಕೂತು ಕಲ್ತದ್ದು.

ಉಪ್ಪಳದಿಂದ, ಮಂಗಳೂರಲ್ಲಿ ಓದುವ ವಿದ್ಯಾರ್ಥಿ

ಟೀಚರ್, ನಾವು ಪ್ರಾಜೆಕ್ಟಿಗೆ ಅಂತ ಏಳು ಜನ ಗ್ರೂಪ್ ಮಾಡಿದ್ದು. ಹೋದ ತಿಂಗಳು ರಾತ್ರಿ ಒಂದೂವರೆಗೆ ನಮ್ಮಲ್ಲೊಬ್ಬ "ಇನ್ನು ಆಗುದಿಲ್ಲ, ನನ್ನಿಂದ ಯಾರಿಗೂ ಉಪಯೋಗ ಇಲ್ಲ, ಎಲ್ರೂ ಚಂದ ಇರಿ" ಅಂತ ಹಾಕಿದ. ಎರಡು ಜನ ಹಾರ್ಟ್ ಹಾಕಿದ್ರು, ಒಬ್ಬ "ಮಲಗು ಮಾರಾಯ" ಅಂದ. ನಾನು ನೋಡಿದೆ, ಎಂತ ಬರೀಬೇಕು ಗೊತ್ತಾಗದೆ ಫೋನ್ ಇಟ್ಟೆ. ಬೆಳಿಗ್ಗೆ ಅವ ಕ್ಲಾಸಿಗೆ ಬಂದಿದ್ದ, ಏನೂ ಆಗ್ಲಿಲ್ಲ. ಆದ್ರೆ ನಂಗೆ ಈಗ್ಲೂ ನಿದ್ದೆ ಬರುದಿಲ್ಲ. ಇನ್ನೊಂದು ಸಲ ಹಾಗೆ ಆದ್ರೆ ಎಂತ ಮಾಡ್ಬೇಕು?

ಉತ್ತರ: ಅಂಥ ಮೆಸೇಜ್ ನೋಡಿದ ಕೂಡ್ಲೇ ಟೈಪ್ ಮಾಡುದಲ್ಲ, ಕಾಲ್ ಮಾಡುದು. ಎಂತ ಹೇಳ್ಬೇಕು ಅಂತ ಗೊತ್ತಿರ್ಬೇಕಾಗಿಲ್ಲ. "ನಿನ್ನ ಮೆಸೇಜ್ ನೋಡಿ ಹೆದರಿಕೆ ಆಯ್ತು, ಎಲ್ಲಿದ್ದೀ, ಯಾರಿದ್ದಾರೆ ಹತ್ರ" ಅಂತ ಕೇಳು. ಸಾಯುವ ಯೋಚನೆ ಬರ್ತದಾ ಅಂತ ನೇರ ಕೇಳು. ಕೇಳಿದ್ರೆ ತಲೆಗೆ ಹೊಕ್ತದೆ ಅಂತ ಜನ ಹೆದರುದು, ಹಾಗೆ ಆಗುದಿಲ್ಲ, ಒಬ್ಬ ಕೇಳಿದ ಅಂತ ಅವನಿಗೆ ಎದೆ ಹಗುರ ಆಗುದೇ ಜಾಸ್ತಿ. ಹೌದು ಅಂದ್ರೆ ಫೋನ್ ಇಡ್ಬೇಡ. ಇನ್ನೊಬ್ಬನಿಗೆ ಹೇಳಿ ಹಾಸ್ಟೆಲ್ ವಾರ್ಡನಿಗೋ ಅವನ ರೂಮ್‌ಮೇಟಿಗೋ ಮನೆಯವರಿಗೋ ತಿಳಿಸು, ಯಾರಾದ್ರೂ ಅವನ ಹತ್ರ ಹೋಗಿ ಕೂರ್ಲಿ. ಅಪಾಯ ಕಂಡ್ರೆ 112. ಯಾರಿಗೂ ಹೇಳ್ಬೇಡ ಅಂತ ಅವ ಆಣೆ ಹಾಕಿಸಿಕೊಂಡ್ರೂ ಈ ಒಂದು ವಿಷಯದಲ್ಲಿ ಆಣೆ ಮುರೀಬಹುದು, ಮುರೀಲೇಬೇಕು.

ಗ್ರೂಪಲ್ಲಿ ಆ ಹೊತ್ತಿಗೆ ಒಂದೇ ಮೆಸೇಜ್ ಬೇಕಾದದ್ದು, "ನಾನು ಕಾಲ್ ಮಾಡ್ತಾ ಇದ್ದೇನೆ". ಗ್ರೂಪಿನ ದೊಡ್ಡ ಕಷ್ಟವೇ ಇದು, ಏಳು ಜನ ನೋಡ್ತಾರೆ, ಬೇರೆ ಯಾರಾದ್ರೂ ಮಾತಾಡಿಯಾರು ಅಂತ ಏಳು ಜನವೂ ಸುಮ್ಮನೆ ಕೂರ್ತಾರೆ. ಒಬ್ಬ ತನ್ನ ಹೆಸರಲ್ಲಿ ಹೊಣೆ ತಗೊಂಡ್ರೆ ಉಳಿದವರಿಗೂ ಯಾರಿಗೆ ಸಹಾಯ ಮಾಡ್ಬೇಕು ಅಂತ ಗೊತ್ತಾಗ್ತದೆ. ಅವನ ಮೆಸೇಜಿನ ಸ್ಕ್ರೀನ್‌ಶಾಟ್ ಬೇರೆ ಗ್ರೂಪಿಗೆ ಹೋಗಬಾರ್ದು, ಅದು ಅವನಿಗೆ ಎರಡನೇ ಪೆಟ್ಟು.

ಟೆಲಿ ಮಾನಸ್ ಅಂತ ಕೇಂದ್ರ ಸರ್ಕಾರದ ಸಹಾಯವಾಣಿ ಉಂಟು, ನಂಬರ್ 14416. 2022 ಅಕ್ಟೋಬರಿಂದ ಉಂಟು, ಹಣ ಇಲ್ಲ, ರಾತ್ರಿ ಹಗಲು ತೆಗೀತಾರೆ, ಕನ್ನಡದಲ್ಲೂ ಮಾತಾಡ್ಬಹುದು. ಉಪ್ಪಳಕ್ಕೆ ಬಂದಾಗ ಕೇರಳದ ದಿಶಾ ಸಹಾಯವಾಣಿ 1056 ಕೂಡ ಉಂಟು. ಎರಡೂ ನಂಬರನ್ನು ಗ್ರೂಪಿನ ಡಿಸ್ಕ್ರಿಪ್ಶನಲ್ಲಿ ಬರ್ದಿಡಿ, ರಾತ್ರಿ ಒಂದೂವರೆಗೆ ಹುಡುಕುವ ಹಾಗೆ ಆಗಬಾರ್ದು.

ಇನ್ನು ಅವನತ್ರ ಇವತ್ತು ಸಂಜೆ ಮಾತಾಡು. ಒಂದು ತಿಂಗಳಾಯ್ತಲ್ಲ, ಈಗ ಎಂತ ಕೇಳುದು ಅಂತ ಬಿಡ್ಬೇಡ. ಬೆಳಿಗ್ಗೆ ಕ್ಲಾಸಿಗೆ ಬಂದ ಅಂದ ಮಾತ್ರಕ್ಕೆ ರಾತ್ರಿಯದ್ದು ಮುಗೀತು ಅಂತ ಆಗುದಿಲ್ಲ. ರೈಲಿಗೆ ಕಾಯುವಾಗ ಸ್ಟೇಷನಲ್ಲಿ ಚಾ ಕುಡೀತಾ, "ಆ ದಿನ ನಾನು ಕಾಲ್ ಮಾಡ್ಬೇಕಿತ್ತು, ಮಾಡ್ಲಿಲ್ಲ, ಈಗ ಹೇಗಿದ್ದೀ" ಅಂತ ಕೇಳು. ನಿನ್ನ ನಿದ್ದೆ ಹೋದದ್ದಕ್ಕೆ ನೀನೂ 14416ಕ್ಕೆ ಮಾಡ್ಬಹುದು, ಅದು ನಿನ್ನಂಥವರಿಗೂ ಇರುವುದೇ.

ಬದಿಯಡ್ಕದಿಂದ ಎಂ.ಎ. ವಿದ್ಯಾರ್ಥಿನಿ

ಗ್ರೂಪಲ್ಲಿ ನೋಟ್ಸ್ ಹಾಕುದು ಯಾವಾಗ್ಲೂ ನಾನೇ. 20 ಜನ ಡೌನ್‌ಲೋಡ್ ಮಾಡ್ತಾರೆ, ಒಂದು ಥ್ಯಾಂಕ್ಸ್ ಇಲ್ಲ. ಈಗ ಇಂಟರ್ನಲ್ ಅಸೈನ್‌ಮೆಂಟ್ ಕೂಡ ನಂದೇ ಕಾಪಿ ಮಾಡ್ಲಿಕ್ಕೆ ಕೇಳ್ತಾರೆ. ಸ್ವಾರ್ಥಿ ಆಗ್ಬೇಕಾ?

ಉತ್ತರ: ಅಸೈನ್‌ಮೆಂಟ್ ಕೊಡ್ಬೇಡ, ಅದ್ರಿಂದ ಅವ್ರಿಗೂ ಉಪಕಾರ ಇಲ್ಲ, ಸಿಕ್ಕಿಬಿದ್ರೆ ನಿನ್ನ ಮಾರ್ಕೂ ಹೋಗ್ತದೆ. ನೋಟ್ಸಿಗೆ ಸ್ವಾರ್ಥ ಬೇಡ, ಹಂಚುವಿಕೆ ಬೇಕು. ಒಂದು ಪೋಲ್ ಹಾಕು, ಯಾವ ಯೂನಿಟ್ ಯಾರು ಬರೀತೀರಿ ಅಂತ. ಐದು ಯೂನಿಟಿಗೆ ಐದು ಜನ ಸಿಕ್ಕಿದ್ರೆ ಸಾಕು. ಸುಮ್ಮನಿರುವವರೆಲ್ಲ ಉಪಕಾರ ಮರೆತವರು ಅಂತ ತಿಳ್ಕೊಳ್ಬೇಡ, ಅದ್ರಲ್ಲಿ ಸಂಜೆ ಅಂಗಡಿಯಲ್ಲಿ ಕೆಲಸ ಮಾಡಿ ಬಂದು ರಾತ್ರಿ ನಿನ್ನ ನೋಟ್ಸ್ ಓದಿ ಪಾಸಾಗುವವರು ಇರ್ತಾರೆ. ಬರೀಲಿಕ್ಕೆ ಆಗದವರು ಲೈಬ್ರರಿಯಿಂದ ಪುಸ್ತಕದ ಪುಟ ಸ್ಕ್ಯಾನ್ ಮಾಡಿ ತರ್ಲಿ, ಹಳೇ ಪ್ರಶ್ನೆಪತ್ರಿಕೆ ಒಟ್ಟು ಮಾಡ್ಲಿ.

ಕಾಸರಗೋಡಿಂದ ಒಬ್ಬ ಕ್ಲಾಸ್ ರೆಪ್

ನಾನು ಗ್ರೂಪ್ ಅಡ್ಮಿನ್. ಯಾರಾದ್ರೂ ಕೆಟ್ಟದ್ದು ಹಾಕಿದ್ರೆ ಕೇಸ್ ನನ್ನ ಮೇಲೆ ಅಂತ ಮನೆಯಲ್ಲಿ ಹೆದರಿಸ್ತಾರೆ. ಬಿಟ್ಟುಬಿಡ್ಲಾ?

ಉತ್ತರ: ಬಿಡ್ಬೇಡ. ಮೆಂಬರ್ ಹಾಕಿದ ಪೋಸ್ಟಿಗೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಅವನನ್ನು ಹೊಣೆ ಮಾಡ್ಲಿಕ್ಕೆ ಆಗುದಿಲ್ಲ ಅಂತ ಕೇರಳ ಹೈಕೋರ್ಟ್ 2022 ಫೆಬ್ರವರಿಯಲ್ಲಿ ಹೇಳಿದೆ. ಹಾಗಂತ ನೋಡಿಯೂ ಸುಮ್ಮನಿರ್ಬೇಡ, ಬೇರೆಯವರ ಮೆಸೇಜನ್ನು ಎಲ್ಲರ ಫೋನಿಂದ ಡಿಲೀಟ್ ಮಾಡುವ ಅಧಿಕಾರ ಅಡ್ಮಿನಿಗೆ ಉಂಟು. ಹುಡುಗಿಯರ ನಂಬರ್ ತೆಗ್ದು ಪರ್ಸನಲ್ ಮೆಸೇಜ್ ಮಾಡಿ ಕಿರಿಕಿರಿ ಮಾಡುವವ ಇದ್ರೆ ಎರಡನೇ ಮಾತಿಲ್ಲದೆ ಹೊರಗೆ ಹಾಕಿ ಟೀಚರಿಗೆ ತಿಳಿಸು. ಮತ್ತೊಂದು, ಮಳೆಗಾಲದಲ್ಲಿ ಕಲೆಕ್ಟರ್ ರಜೆ ಕೊಟ್ರು ಅಂತ ಸುಳ್ಳು ಕಾರ್ಡ್ ಬರ್ತದೆ, ಹಳೇ ವರ್ಷದ್ದನ್ನೇ ಮತ್ತೆ ಹಾಕ್ತಾರೆ. ಕಲೆಕ್ಟರ ಅಧಿಕೃತ ಪೇಜ್ ನೋಡದೆ ಯಾವುದನ್ನೂ ಗ್ರೂಪಿಗೆ ಬಿಡ್ಬೇಡ, ಕಾಲೇಜಿಗೂ ಉಂಟಾ ಶಾಲೆಗೆ ಮಾತ್ರವಾ ಅಂತಲೂ ಓದು. ರಜೆ ಅಂತ ನಂಬಿ ಮನೆಯಲ್ಲಿ ಕೂತು ಇಂಟರ್ನಲ್ ಪರೀಕ್ಷೆ ತಪ್ಪಿಸಿಕೊಂಡ ಮಗು ನನಗೆ ಗೊತ್ತುಂಟು.

ಮುಳ್ಳೇರಿಯಾದಿಂದ ಒಬ್ರು ತಂದೆ

ಮಗಳು ಡಿಗ್ರಿ ಎರಡನೇ ವರ್ಷ. ಊಟಕ್ಕೆ ಕೂತ್ರೂ ಗ್ರೂಪ್ ಗ್ರೂಪ್ ಅಂತ ಫೋನಲ್ಲೇ. ಗ್ರೂಪಿಂದ ಹೊರಗೆ ಬಾ ಅಂದ್ರೆ ಅಳ್ತಾಳೆ. ನಮ್ಮ ಕಾಲದಲ್ಲಿ ಇದೆಲ್ಲ ಇಲ್ಲದೆ ಓದ್ಲಿಲ್ವಾ ಮೇಡಂ?

ಉತ್ತರ: ಓದಿದ್ದೇವೆ ಅಣ್ಣ, ಆದ್ರೆ ಎಷ್ಟು ಜನ ಮಧ್ಯದಲ್ಲೇ ನಿಂತ್ರು ಅಂತ ನಿಮ್ಗೂ ನೆನಪಿರ್ಬಹುದು. ಮೇಲೆ ನನ್ನ ಬೆಂಚಿನ ಗೆಳತಿಯ ಕತೆ ಬರ್ದಿದ್ದೇನೆ, ಒಮ್ಮೆ ಓದಿ. 2020 ಮಾರ್ಚಲ್ಲಿ ಕೊರೋನಾ ಬಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದ್ರಲ್ಲ, ಕೆಲವು ದಾರಿಗೆ ಮಣ್ಣೇ ತಂದು ಹಾಕಿದ್ರಲ್ಲ, ಆಗ ಮಂಗಳೂರಲ್ಲಿ ಓದುವ ನಮ್ಮ ಮಕ್ಕಳ ಪುಸ್ತಕ ಹಾಸ್ಟೆಲಲ್ಲಿ, ಮಕ್ಕಳು ಮನೆಯಲ್ಲಿ. ಆಚೆ ಕಡೆಯ ಮಕ್ಕಳು ತಮ್ಮ ಪುಸ್ತಕದ ಒಂದೊಂದೇ ಪುಟ ಫೋಟೋ ತೆಗ್ದು ಗ್ರೂಪಿಗೆ ಹಾಕಿದ್ರು, ಈಚೆಯವರು ನೆಟ್ ಸಿಗುವ ಗುಡ್ಡೆ ಹತ್ತಿ ಅದನ್ನು ಇಳಿಸಿಕೊಂಡು ಓದಿದ್ರು. ನನ್ನ ಅಕ್ಕನ ಮಗಳು ಹಾಗೆಯೇ ಪಾಸಾದದ್ದು.

ಗ್ರೂಪಿಂದ ತೆಗಿಸ್ಬೇಡಿ. ಅವಳು ಅಳುದು ಹಠಕ್ಕೆ ಅಲ್ಲ, ಹೊರಗೆ ಬಂದ್ರೆ ಮರುದಿನದ ಕ್ಲಾಸ್ ಎಲ್ಲಿ ಅಂತಲೂ ಅವಳಿಗೆ ಗೊತ್ತಾಗುದಿಲ್ಲ. ಊಟಕ್ಕೆ ಫೋನ್ ಬೇಡ ಅಂತ ಹೇಳಿ, ಅದು ನ್ಯಾಯ, ನೀವೂ ಇಡಿ. ಗ್ರೂಪನ್ನು ಮ್ಯೂಟ್ ಮಾಡ್ಲಿಕ್ಕೆ 8 ಗಂಟೆ, 1 ವಾರ, ಯಾವಾಗ್ಲೂ ಅಂತ ಮೂರು ಕ್ರಮ ಉಂಟು, ರಾತ್ರಿ ಹತ್ತಕ್ಕೆ 8 ಗಂಟೆಯದ್ದು ಒತ್ತಿ ಮಲಗ್ಲಿ. ಬೆಳಿಗ್ಗೆ ಎದ್ದು ನೋಡಿದ್ರೆ ಆಯ್ತು, ರಾತ್ರಿಯಿಡೀ ಎಚ್ಚರ ಇರ್ಬೇಕಾದ ಅಗತ್ಯ ಇಲ್ಲ.

ಮತ್ತೆ ಒಂದು ಸಂಜೆ ಅವಳ ಹತ್ರ ಕೂತು, ಈ ಗ್ರೂಪಲ್ಲಿ ನೀನು ಯಾರಿಗೆ ಎಂತ ಹೇಳಿಕೊಡುದು ಅಂತ ಕೇಳಿ ನೋಡಿ. ಎಂತ ನೋಡ್ತೀ ಅಂತ ಕೇಳ್ಬೇಡಿ, ಎಂತ ಹೇಳಿಕೊಡ್ತೀ ಅಂತ ಕೇಳಿ. ಅವಳು ಎಂತ ಹೇಳಿದ್ಳು ಅಂತ ನಂಗೂ ಒಂದು ಕಾಗದ ಬರೀರಿ.